ವ್ಯಾನ್ ಮೇಲೆ ಸೋಲಾರ್, ಎಂಜಿನ್ ಪಕ್ಕ ಡೈನಮೋ: ಒಂದೇ ಲೀಥಿಯಂ ಬ್ಯಾಟರಿಗೆ ಎರಡನ್ನೂ ಜೋಡಿಸಬಹುದಾ?

ಅರಸೀಕೆರೆ: ಬೇಲೂರಿನ ಚನ್ನಕೇಶವ ದೇವಸ್ಥಾನದ ಹತ್ತಿರ, ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ನಿಲ್ಲುವ ಗಾಡಿಗಳಲ್ಲಿ ಈಗೀಗ ಒಂದು ಹೊಸ ನಮೂನೆ ಕಾಣುತ್ತೆ. ಟಾಪ್ ಮೇಲೆ ಸೋಲಾರ್ ಪ್ಯಾನೆಲ್, ಒಳಗೆ ಮಂಚ, ಚಿಕ್ಕ ಫ್ರಿಡ್ಜು, ಫ್ಯಾನು, ಮೂಲೆಯಲ್ಲೊಂದು ಲೀಥಿಯಂ ಬ್ಯಾಟರಿ. ಇದೇ ಕ್ಯಾಂಪರ್ ವ್ಯಾನ್. ಬಂದವರು ಲಾಡ್ಜ್ ಹುಡುಕೋದಿಲ್ಲ, ಗಾಡಿಯಲ್ಲೇ ಮಲಗಿ ಬೆಳಿಗ್ಗೆ ದೇವಸ್ಥಾನ ನೋಡಿ ಹೊರಡ್ತಾರೆ.

ಇಂಥದ್ದೇ ಏರ್ಪಾಡು ನಮ್ಮ ಕಡೆಯ ಗಾಡಿ ವ್ಯಾಪಾರಕ್ಕೂ ಹೇಳಿ ಮಾಡಿಸಿದ ಹಾಗಿದೆ. ಗೂಡ್ಸ್ ಗಾಡಿಯಲ್ಲಿ ಜ್ಯೂಸ್ ಮಾರುವವರು, ಸಂಜೆ ಚಾಟ್ಸ್ ಗಾಡಿ ನಿಲ್ಲಿಸುವವರು, ಜಾತ್ರೆಯಿಂದ ಜಾತ್ರೆಗೆ ಐಸ್ ಕ್ರೀಂ ಒಯ್ಯುವವರು, ಮೈಕ್ ಕಟ್ಟಿಕೊಂಡು ಪ್ರಚಾರಕ್ಕೆ ಹೋಗುವವರು, ಎಲ್ಲರಿಗೂ ಕರೆಂಟ್ ಬೇಕು. ಜನರೇಟರ್ ಹಚ್ಚಿದರೆ ಸದ್ದು, ಹೊಗೆ, ಎಣ್ಣೆ ಖರ್ಚು. ಪಕ್ಕದ ಅಂಗಡಿಯಿಂದ ವೈರ್ ಎಳೆದರೆ ದಿನಾ ಅವರ ಮುಲಾಜು. ಹಾಗಾಗಿ ಬ್ಯಾಟರಿ ಅಂಗಡಿಗಳಲ್ಲಿ ಈಗ ಕೇಳಿಬರುವ ಪ್ರಶ್ನೆ ಒಂದೇ: "ಮೇಲೆ ಸೋಲಾರ್ ಹಾಕಿ, ಗಾಡಿ ಓಡುವಾಗ ಡೈನಮೋದಿಂದಲೂ ಅದೇ ಬ್ಯಾಟರಿಗೆ ಚಾರ್ಜ್ ಮಾಡಬಹುದಾ?"

ಮಾಡಬಹುದು. ಸೋಲಾರ್, ಡೈನಮೋ ಎರಡೂ ಒಂದೇ ಬ್ಯಾಟರಿಗೆ ಒಂದೇ ಹೊತ್ತಿನಲ್ಲಿ ಚಾರ್ಜ್ ಕೊಟ್ಟರೆ ಏನೂ ಜಗಳ ಆಗಲ್ಲ. ಆದರೆ ಡೈನಮೋದಿಂದ ಲೀಥಿಯಂ ಬ್ಯಾಟರಿಗೆ ನೇರವಾಗಿ ಒಂದು ವೈರ್ ಎಳೆದು "ಡೈರೆಕ್ಟ್ ಜಾಯಿಂಟ್" ಹೊಡೆದರೆ ಸುಡೋದು ಬ್ಯಾಟರಿ ಅಲ್ಲ, ಡೈನಮೋ. ಜಾತ್ರೆ ಮಧ್ಯದಲ್ಲಿ ಗಾಡಿ ನಿಂತರೆ ಆ ದಿನದ ವ್ಯಾಪಾರವೂ ಹೋಯ್ತು, ರಿಪೇರಿ ಖರ್ಚೂ ಬಂತು.

ಡೈನಮೋ ಯಾಕೆ ಸುಡುತ್ತೆ?

ಗಾಡಿ ಕಂಪನಿಯವರು ಡೈನಮೋ, ಅಂದರೆ ಆಲ್ಟರ್ನೇಟರ್ ಕೊಟ್ಟಿರೋದು ಹಳೇ ಕಾಲದ ಆಸಿಡ್ ಬ್ಯಾಟರಿಯನ್ನು ಲೆಕ್ಕದಲ್ಲಿಟ್ಟುಕೊಂಡು. ಆಸಿಡ್ ಬ್ಯಾಟರಿ ತುಂಬುತ್ತಾ ಬಂದ ಹಾಗೆ ತಾನೇ ಕರೆಂಟ್ ತಗೊಳ್ಳೋದು ಕಮ್ಮಿ ಮಾಡುತ್ತೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಖರ್ಚಾದಷ್ಟನ್ನು ಸ್ವಲ್ಪ ಹೊತ್ತಿನಲ್ಲಿ ತುಂಬಿಸಿಕೊಂಡು ಸುಮ್ಮನಾಗುತ್ತೆ. ಡೈನಮೋಗೂ ಆರಾಮು.

ಲೀಥಿಯಂ ಹಾಗಲ್ಲ. ಅದರ ಒಳಗಿನ ತಡೆ ತುಂಬಾ ಕಮ್ಮಿ. ಖಾಲಿ ಇದ್ದಾಗ ಎಷ್ಟು ಕೊಟ್ಟರೂ ನುಂಗುತ್ತೆ, ಹೆಚ್ಚೂಕಮ್ಮಿ ಪೂರ್ತಿ ತುಂಬುವ ತನಕ ಅದೇ ವೇಗದಲ್ಲಿ ನುಂಗುತ್ತಲೇ ಇರುತ್ತೆ. ಡೈನಮೋದ ಪ್ಲೇಟ್ ಮೇಲೆ 70 ಆಂಪ್ಸ್ ಅಂತ ಬರೆದಿದ್ದರೆ ಅದು ಎಂಜಿನ್ ಜೋರಾಗಿ ತಿರುಗುವಾಗ ಕೊಡಬಲ್ಲ ಗರಿಷ್ಠ ಲೆಕ್ಕ. ದಿನವಿಡೀ ಅಷ್ಟೇ ಕೊಡು ಅಂದರೆ ಒಳಗಿನ ಕಾಯಿಲ್ ಬಿಸಿಯಾಗಿ ವಾರ್ನಿಷ್ ಕರಗಿ ವಾಸನೆ ಬರುತ್ತೆ. ಡಯೋಡ್ ಹೋಗುತ್ತೆ. ಆಮೇಲೆ ರೀವೈಂಡಿಂಗ್, ಇಲ್ಲವೇ ಹೊಸದು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಾಡಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು ಬ್ಯಾಟರಿ ಚಾರ್ಜ್ ಮಾಡೋದು. ಇದನ್ನು ಬಹಳ ಜನ ಮಾಡ್ತಾರೆ. ಎಂಜಿನ್ ಐಡಲ್‌ನಲ್ಲಿದ್ದಾಗ ಡೈನಮೋ ನಿಧಾನ ತಿರುಗುತ್ತೆ, ಅದರ ಜೊತೆಗೇ ತಿರುಗುವ ಅದರದ್ದೇ ಫ್ಯಾನ್ ಕೂಡ ನಿಧಾನ. ಗಾಳಿ ಇಲ್ಲ, ಲೋಡ್ ಮಾತ್ರ ಪೂರ್ತಿ. ಡೈರೆಕ್ಟ್ ಜಾಯಿಂಟ್ ಇರುವ ಗಾಡಿಯಲ್ಲಿ ಡೈನಮೋ ಸುಡುವ ಸಂಭವ ಹೆಚ್ಚಿರೋದು ಹೀಗೆ ನಿಂತಲ್ಲೇ ಚಾರ್ಜ್ ಮಾಡುವಾಗ.

ಖರ್ಚಿನ ಲೆಕ್ಕ ಹಾಕಿದರೂ ಅದು ದಂಡ. ಚಿಕ್ಕ ಡೀಸೆಲ್ ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಅರ್ಧ ಲೀಟರ್‌ನಿಂದ ಒಂದು ಲೀಟರ್ ಕುಡಿಯುತ್ತೆ. ಅಷ್ಟು ಹೊತ್ತಿನಲ್ಲಿ ಬ್ಯಾಟರಿಗೆ 15 ಆಂಪ್ಸ್ ಹೋಯ್ತು ಅಂತ ಇಟ್ಟುಕೊಂಡರೂ ಸಿಕ್ಕಿದ್ದು ಯೂನಿಟ್‌ನ ಐದನೇ ಒಂದು ಭಾಗ. ಪೂರ್ತಿ ಒಂದು ಯೂನಿಟ್ ತುಂಬಿಸೋಕೆ ಐದು ಗಂಟೆ ಎಂಜಿನ್ ಓಡಬೇಕು. ಮನೆ ಮೀಟರ್‌ನಲ್ಲಿ ಒಂದು ಯೂನಿಟ್‌ಗೆ ಸೆಸ್ಕ್‌ನವರು ಎಷ್ಟು ಬಿಲ್ ಹಾಕ್ತಾರೆ ಅನ್ನೋದು ಎಲ್ಲರಿಗೂ ಗೊತ್ತು.

ಮಧ್ಯೆ ಕೂರಬೇಕಾದ ಡಬ್ಬಿ

ಇದಕ್ಕೆ ಪರಿಹಾರ ಡಿಸಿ-ಡಿಸಿ ಚಾರ್ಜರ್ ಅನ್ನೋ ಒಂದು ಡಬ್ಬಿ. ಗಾಡಿಯ ಮಾಮೂಲಿ ಬ್ಯಾಟರಿ ಮತ್ತು ಒಳಗಿನ ಲೀಥಿಯಂ ಬ್ಯಾಟರಿ ಮಧ್ಯೆ ಇದು ಕೂರುತ್ತೆ. 20 ಆಂಪ್ಸ್ ಡಬ್ಬಿ ಹಾಕಿದರೆ ಲೀಥಿಯಂ ಎಷ್ಟೇ ಹಸಿದಿರಲಿ, ಅದಕ್ಕೆ ಸಿಗೋದು 20 ಆಂಪ್ಸ್ ಮಾತ್ರ.

ಕೆರೆ ನೋಡಿದವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಅರಸೀಕೆರೆ ಅನ್ನೋ ಹೆಸರೇ ಅರಸಿಯ ಕೆರೆಯಿಂದ ಬಂದದ್ದು. ಹಳೇಬೀಡು ದೋರಸಮುದ್ರ ಆಗಿದ್ದೂ ಅಲ್ಲಿನ ದೊಡ್ಡ ಕೆರೆಯಿಂದಲೇ. ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ ನೀರು ಬಿಡುವಾಗ ಏರಿ ಒಡೆದು ಬಿಡ್ತಾರಾ? ತೂಬು ಇಟ್ಟು ಲೆಕ್ಕವಾಗಿ ಬಿಡ್ತಾರೆ. ಡಿಸಿ-ಡಿಸಿ ಅಂದರೆ ಆ ತೂಬು. ಕೆಳಗಿನ ಕೆರೆಗೆ ಇನ್ನೊಂದು ಹಳ್ಳದಿಂದಲೂ ನೀರು ಬರುತ್ತಿದ್ದರೆ ಬರಲಿ, ಅದು ಸೋಲಾರ್. ಎರಡು ಕಡೆಯ ನೀರು ಕೆರೆಯಲ್ಲಿ ಸೇರುತ್ತೆ ಅಷ್ಟೇ.

ಈ ಡಬ್ಬಿಯಿಂದ ಇನ್ನೂ ಎರಡು ಉಪಯೋಗ ಇದೆ. ಮೊದಲನೆಯದು, ಎಂಜಿನ್ ಆಫ್ ಆದ ಕೂಡಲೇ ಇದು ಬಾಗಿಲು ಹಾಕುತ್ತೆ. ರಾತ್ರಿಯೆಲ್ಲಾ ಫ್ರಿಡ್ಜ್ ಓಡಿದರೂ ಗಾಡಿಯ ಬ್ಯಾಟರಿ ಮುಟ್ಟಲ್ಲ, ಬೆಳಿಗ್ಗೆ ಸೆಲ್ಫ್ ಹೊಡೆಯುತ್ತೆ, ನಾಲ್ಕು ಜನರನ್ನು ಕರೆದು ತಳ್ಳಿಸಬೇಕಾಗಿಲ್ಲ. ಎರಡನೆಯದು ಬಿಎಸ್-6 ಗಾಡಿ ಇರುವವರಿಗೆ. 2020ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಕೆಲವಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ ಇರುತ್ತೆ. ಬ್ಯಾಟರಿ ತುಂಬಿದೆ ಅಂತ ಗಾಡಿಯ ಕಂಪ್ಯೂಟರ್‌ಗೆ ಅನಿಸಿದರೆ ವೋಲ್ಟೇಜ್ ಅನ್ನು 13ಕ್ಕೋ ಅದಕ್ಕೂ ಕೆಳಗೋ ಇಳಿಸಿಬಿಡುತ್ತೆ. ಆಗ ಡೈರೆಕ್ಟ್ ವೈರ್‌ನಿಂದ ಲೀಥಿಯಂಗೆ ಏನೂ ಹೋಗಲ್ಲ. ಡಿಸಿ-ಡಿಸಿ ಆ ಕಮ್ಮಿ ವೋಲ್ಟೇಜನ್ನೇ ಎತ್ತಿ ಲೀಥಿಯಂಗೆ ಬೇಕಾದ 14.2ರಿಂದ 14.4ಕ್ಕೆ ತರುತ್ತೆ. ಇಂಥ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ಕಂಬದ ಮೇಲೆ ಒಂದು ಚಿಕ್ಕ ಸೆನ್ಸಾರ್ ಇರುತ್ತೆ. ಹೊಸ ಅರ್ತ್ ವೈರನ್ನು ಆ ಕಂಬಕ್ಕೆ ಕಟ್ಟಬಾರದು, ಚಾಸಿಗೆ ಕಟ್ಟಬೇಕು. ಇಲ್ಲದಿದ್ದರೆ ಸೆನ್ಸಾರ್ ಲೆಕ್ಕ ತಪ್ಪುತ್ತೆ.

ಕೆಲವು ಅಂಗಡಿಯವರು "ರಿಲೇ ಹಾಕಿದರೆ ಸಾಕು, ಅರ್ಧ ರೇಟು" ಅಂತಾರೆ. ಒಳಗಿರೋದು ಟ್ಯೂಬ್ಯುಲರ್ ಬ್ಯಾಟರಿ ಆಗಿದ್ದರೆ ಆ ಮಾತು ನಡೆಯುತ್ತೆ. ಲೀಥಿಯಂಗೆ ನಡೆಯಲ್ಲ. ರಿಲೇ ಬರೀ ಬಾಗಿಲು ತೆಗೆದು ಹಾಕುತ್ತೆ, ಎಷ್ಟು ಹೋಗಬೇಕು ಅಂತ ಅಳೆಯಲ್ಲ.

ಇನ್ನು ಗಾಡಿಯ ಹಳೇ ಬ್ಯಾಟರಿಯನ್ನೇ ಕಿತ್ತು ಅದರ ಜಾಗಕ್ಕೆ ಲೀಥಿಯಂ ಕೂರಿಸುವವರೂ ಇದ್ದಾರೆ. ಲೀಥಿಯಂ ಒಳಗೆ ಬಿಎಂಎಸ್ ಅನ್ನೋ ಕಾವಲುಗಾರ ಇರ್ತಾನೆ. ಓವರ್ ಚಾರ್ಜ್ ಅಥವಾ ಬಿಸಿ ಅನಿಸಿದರೆ ತಟ್ಟನೆ ಸಂಪರ್ಕ ಕಡಿದುಬಿಡ್ತಾನೆ. ಗಾಡಿ ಓಡುತ್ತಿರುವಾಗ ಹಾಗೆ ಕಡಿದರೆ ಡೈನಮೋದ ಕರೆಂಟ್‌ಗೆ ಹೋಗಲು ಜಾಗ ಇರಲ್ಲ, ವೋಲ್ಟೇಜ್ ಒಮ್ಮೆಲೇ ಮೇಲೆ ಹಾರಿ ಡಯೋಡು, ಗಾಡಿಯ ಎಲೆಕ್ಟ್ರಾನಿಕ್ಸ್ ಎರಡಕ್ಕೂ ಏಟು. ಗಾಡಿಯ ಬ್ಯಾಟರಿ ಅದರ ಪಾಡಿಗೆ ಅದು ಇರಲಿ.

ಸೋಲಾರ್‌ನಲ್ಲಿ ದುಡ್ಡು ಪೋಲಾಗುವ ಜಾಗ

ಸೋಲಾರ್ ಕಡೆ ಅಪಾಯ ಕಮ್ಮಿ, ಮೋಸ ಹೋಗುವ ಅವಕಾಶ ಜಾಸ್ತಿ. 330 ವ್ಯಾಟ್‌ನ ಮಾಮೂಲಿ ದೊಡ್ಡ ಪ್ಯಾನೆಲ್ 37 ವೋಲ್ಟ್ ಆಸುಪಾಸಿನಲ್ಲಿ ಸುಮಾರು 9 ಆಂಪ್ಸ್ ಕೊಡುತ್ತೆ. ಬ್ಯಾಟರಿಗೆ ಬೇಕಾಗಿರೋದು 13-14 ವೋಲ್ಟ್. ಮಧ್ಯೆ ಪಿಡಬ್ಲ್ಯುಎಂ ಅನ್ನೋ ಅಗ್ಗದ ಕಂಟ್ರೋಲರ್ ಹಾಕಿದರೆ ಅದು ಆ 9 ಆಂಪ್ಸನ್ನು ಮಾತ್ರ ದಾಟಿಸುತ್ತೆ, ಮಿಕ್ಕ ವೋಲ್ಟೇಜ್ ದಂಡ. 330 ವ್ಯಾಟ್‌ಗೆ ದುಡ್ಡು ಕೊಟ್ಟು 120 ವ್ಯಾಟ್ ತಗೊಂಡ ಹಾಗೆ. ಎಂಪಿಪಿಟಿ ಕಂಟ್ರೋಲರ್ ಹೆಚ್ಚಿನ ವೋಲ್ಟೇಜನ್ನು ಆಂಪ್ಸ್‌ಗೆ ಬದಲಾಯಿಸುತ್ತೆ, ಅದೇ ಪ್ಯಾನೆಲ್‌ನಿಂದ 20 ಆಂಪ್ಸ್ ದಾಟುತ್ತೆ. ಪ್ಯಾನೆಲ್‌ನಲ್ಲಿ ಚೌಕಾಸಿ ಮಾಡಿ, ಕಂಟ್ರೋಲರ್‌ನಲ್ಲಿ ಮಾಡಬೇಡಿ.

ಇನ್ನೊಂದು ನೆರಳು. ನಮ್ಮಲ್ಲಿ ಬಿಸಿಲಿಗೆ ಗಾಡಿ ನಿಲ್ಲಿಸುವವರು ಯಾರೂ ಇಲ್ಲ. ಹುಣಸೆ ಮರವೋ ಹೊಂಗೆ ಮರವೋ ಹುಡುಕಿ ನಿಲ್ಲಿಸೋದು, ಗಿರಾಕಿಗಳೂ ನೆರಳಿಗೇ ಬರೋದು. ಆದರೆ ಪ್ಯಾನೆಲ್‌ನ ಒಂದು ಮೂಲೆಗೆ ಕೊಂಬೆ ನೆರಳು ಬಿದ್ದರೂ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕರೆಂಟ್ ಕೈಬಿಡುತ್ತೆ. ಗಾಡಿ ಬಿಸಿಲಿಗೆ, ಗಿರಾಕಿಗಳಿಗೆ ಪಕ್ಕದಲ್ಲೊಂದು ಟಾರ್ಪಾಲು, ಹೀಗೆ ಮಾಡಿಕೊಂಡವರಿಗೆ ಸೋಲಾರ್ ಕೆಲಸ ಮಾಡುತ್ತೆ.

ಊರಿಂದ ಊರಿಗೂ ವ್ಯತ್ಯಾಸ ಇದೆ. ಅರಸೀಕೆರೆ ಬಯಲುಸೀಮೆ, ಬಿಸಿಲಿಗೆ ಬರ ಇಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ 330 ವ್ಯಾಟ್ ಪ್ಯಾನೆಲ್ ದಿನಕ್ಕೆ ಒಂದು ಯೂನಿಟ್‌ಗೆ ಮೋಸ ಮಾಡಲ್ಲ. ಬೇಲೂರು ಮಲೆನಾಡಿನ ಸೆರಗು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಕವಿದ ದಿನ ಅದೇ ಪ್ಯಾನೆಲ್‌ನಿಂದ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು. ಡೈನಮೋ ಬೇಕಾಗೋದು ಆಗಲೇ.

ಒಂದು ಗಾಡಿಯ ಲೆಕ್ಕ

ಒಂದು ಜ್ಯೂಸ್ ಗಾಡಿ ಅಂತಲೇ ಇಟ್ಟುಕೊಳ್ಳೋಣ. 60 ಲೀಟರ್‌ನ ಡಿಸಿ ಫ್ರಿಡ್ಜ್ ಇಡೀ ದಿನಕ್ಕೆ 550 ವ್ಯಾಟ್ ಅವರ್. ಮಿಕ್ಸಿ ಎಲ್ಲಾ ಸೇರಿ 20 ನಿಮಿಷ ತಿರುಗಿದರೆ ಇನ್ವರ್ಟರ್ ನಷ್ಟವೂ ಸೇರಿ 190. ಫ್ಯಾನ್ 120, ಎಲ್ಇಡಿ ದೀಪ 100, ಮೊಬೈಲು ಮತ್ತು "ಹಣ ಬಂದಿದೆ" ಅಂತ ಕೂಗುವ ಪೇಮೆಂಟ್ ಡಬ್ಬಿಗೆ 30. ಒಟ್ಟು 990, ಅಂದರೆ ಹೆಚ್ಚೂಕಮ್ಮಿ ಒಂದು ಯೂನಿಟ್.

12.8 ವೋಲ್ಟ್‌ನ 100 ಎಎಚ್ ಲೀಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್ ಅವರ್ ಇರುತ್ತೆ. ಅದರಲ್ಲಿ ಶೇ 80-90 ನಿಶ್ಚಿಂತೆಯಿಂದ ಬಳಸಬಹುದು. ಒಂದು ದಿನಕ್ಕೆ ಸಾಕು. ಮನೆ ಯುಪಿಎಸ್‌ನ 150 ಎಎಚ್ ಟ್ಯೂಬ್ಯುಲರ್‌ನಿಂದಲೂ ಸುಮಾರು ಇಷ್ಟೇ ಕೆಲಸ ತೆಗೆಯಬಹುದು, ಯಾಕಂದ್ರೆ ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತೆ. ಆದರೆ ಅದರ ತೂಕ 50 ಕೆ.ಜಿ. ದಾಟುತ್ತೆ, ಲೀಥಿಯಂದು 10ರಿಂದ 13 ಕೆ.ಜಿ.

ಈಗ ತುಂಬಿಸುವ ಲೆಕ್ಕ. ಹಳೇಬೀಡಿನಿಂದ ಬೇಲೂರಿಗೆ 16 ಕಿ.ಮೀ., ಅರ್ಧ ಗಂಟೆಯ ಓಟ. 20 ಆಂಪ್ಸ್ ಡಬ್ಬಿಯಿಂದ ಅಷ್ಟರಲ್ಲಿ ಬರೋದು 10 ಎಎಚ್, ಬ್ಯಾಟರಿಯ ಹತ್ತನೇ ಒಂದು ಭಾಗ. ಫ್ರಿಡ್ಜ್ ಐದಾರು ಗಂಟೆ ಓಡುವಷ್ಟು. ಅದೇ ಗಾಡಿ ಅರಸೀಕೆರೆಯಿಂದ ಜಾವಗಲ್, ಹಳೇಬೀಡು ಮೇಲೆ ಬೇಲೂರಿಗೆ ಹೋಗಿ ಸಂಜೆ ವಾಪಸ್ ಬಂದರೆ ರಸ್ತೆಯಲ್ಲೇ ಮೂರು ಗಂಟೆ ಹತ್ತಿರ ಆಗುತ್ತೆ, 50-60 ಎಎಚ್ ಸಿಗುತ್ತೆ. ಮೋಡದ ದಿನವೂ ಪರವಾಗಿಲ್ಲ.

ಎರಡೂ ಸೇರಿದಾಗ ನೋಡಬೇಕಾದ ಸಂಖ್ಯೆ ಒಂದೇ. ಬ್ಯಾಟರಿ ಎಷ್ಟು ಆಂಪ್ಸ್ ಚಾರ್ಜಿಂಗ್ ತಡೆಯುತ್ತೆ ಅಂತ ಅದರ ಕಾಗದದಲ್ಲಿ ಬರೆದಿರುತ್ತೆ. 100 ಎಎಚ್‌ಗೆ ಸಾಮಾನ್ಯವಾಗಿ 50. ಸೋಲಾರ್‌ನಿಂದ ಗರಿಷ್ಠ 24, ಡೈನಮೋ ಕಡೆಯಿಂದ 20, ಕೂಡಿದರೆ 44. ಸರಿಹೋಯ್ತು. 30 ಆಂಪ್ಸ್ ಡಬ್ಬಿ ಹಾಕಿದ್ದರೆ 54 ಆಗುತ್ತಿತ್ತು. ಡೈನಮೋ ಕಡೆಯ ಲೆಕ್ಕವನ್ನೂ ನೋಡಬೇಕು: 70 ಆಂಪ್ಸ್‌ನಲ್ಲಿ ಹೆಡ್‌ಲೈಟು, ವೈಪರು, ಬ್ಲೋವರು ಎಲ್ಲಾ ಸೇರಿ 25-30 ಕಳೆದರೆ ಉಳಿಯೋದು 40. ಅದರಲ್ಲಿ ಅರ್ಧ ಕೇಳಿದರೆ ಡೈನಮೋ ಬಾಳಿಕೆ ಬರುತ್ತೆ.

ಎಂಪಿಪಿಟಿ, ಡಿಸಿ-ಡಿಸಿ ಎರಡರಲ್ಲೂ ಬ್ಯಾಟರಿ ಜಾತಿ ಎಲ್ಎಫ್‌ಪಿ ಅಂತ ಆರಿಸಿ, ಎರಡಕ್ಕೂ ಒಂದೇ ವೋಲ್ಟೇಜ್ ಇಡಬೇಕು. ಒಂದಕ್ಕೆ 14.4, ಇನ್ನೊಂದಕ್ಕೆ 14 ಇಟ್ಟರೆ ಕಮ್ಮಿ ಇರುವುದು ಬ್ಯಾಟರಿ ತುಂಬಿತು ಅಂದುಕೊಂಡು ಬೇಗ ಕೈಚೆಲ್ಲುತ್ತೆ. ಹಾನಿ ಏನಿಲ್ಲ, ಬರಬೇಕಾದ್ದು ಬರಲ್ಲ ಅಷ್ಟೇ. ಆದರೆ ಈಕ್ವಲೈಸ್ ಅನ್ನೋ ಸೆಟ್ಟಿಂಗ್ ಮಾತ್ರ ಕಡ್ಡಾಯವಾಗಿ ಆಫ್. ಅದು ಆಸಿಡ್ ಬ್ಯಾಟರಿಗೆ ಮಾಡಿದ್ದು, ವೋಲ್ಟೇಜನ್ನು 15ರ ಮೇಲೆ ಒಯ್ಯುತ್ತೆ.

ಈ ಲೆಕ್ಕದಲ್ಲಿ ಇಂಡಕ್ಷನ್ ಒಲೆ ಸೇರಿಸಬೇಡಿ. 2,000 ವ್ಯಾಟ್ ಒಲೆ ಅಂದರೆ ಬ್ಯಾಟರಿಯಿಂದ 150 ಆಂಪ್ಸ್‌ಗೂ ಮೇಲೆ. ಬಿಎಂಎಸ್ ಒಪ್ಪಲ್ಲ. ಕಬ್ಬಿನ ಹಾಲಿನ ಮೋಟಾರ್ ಕೂಡ ಸ್ಟಾರ್ಟ್ ಆಗುವಾಗ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತೆ.

ನಿಜ ಹೇಳಬೇಕಂದ್ರೆ ಅರಸೀಕೆರೆ ಬಸ್ ಸ್ಟ್ಯಾಂಡ್ ಸುತ್ತಮುತ್ತ ದಿನಾ ಒಂದೇ ಜಾಗದಲ್ಲಿ ನಿಂತು ರಾತ್ರಿ ಮನೆಗೆ ಹೋಗುವ ಗಾಡಿಗಳಿಗೆ ಡೈನಮೋ ಚಾರ್ಜಿಂಗೇ ಬೇಡ. ದಿನಕ್ಕೆ ನಾಲ್ಕು ಕಿ.ಮೀ. ಓಡುವ ಗಾಡಿಯ ಡೈನಮೋದಿಂದ ಏನು ಸಿಕ್ಕೀತು? ಮನೆಯಲ್ಲಿ ಲೀಥಿಯಂನದೇ ಚಾರ್ಜರ್ ಹಾಕಿ ರಾತ್ರಿ ತುಂಬಿಸೋದು ಎಲ್ಲಕ್ಕಿಂತ ಅಗ್ಗ. ಸೋಲಾರ್ ಜೊತೆ ಡೈನಮೋ ಜೋಡಿಸಬೇಕಾದವರು ಹುಣ್ಣಿಮೆಗೆ ಜೇನುಕಲ್ ಬೆಟ್ಟ, ಮರುದಿನ ಹಳೇಬೀಡು, ಆಮೇಲೆ ಬೇಲೂರು ಅಂತ ತಿರುಗುವವರು, ರಾತ್ರಿ ಗಾಡಿಯಲ್ಲೇ ಮಲಗುವವರು.

ವೈರು, ಫ್ಯೂಸು, ಸಿಲಿಂಡರು

ಬೆಂಕಿ ಬೀಳೋದು ಹೆಚ್ಚಾಗಿ ವೈರಿನಿಂದ. ಮುಂದಿನ ಬ್ಯಾಟರಿಯಿಂದ ಹಿಂದಕ್ಕೆ ಐದು ಮೀಟರ್ ಅಂದರೂ ಕರೆಂಟ್ ಹೋಗಿ ಬರೋದು ಹತ್ತು ಮೀಟರ್. ಮನೆ ವೈರಿಂಗ್‌ನ 4 ಸ್ಕ್ವೇರ್ ಎಂಎಂ ವೈರ್‌ನಲ್ಲಿ 25 ಆಂಪ್ಸ್ ಹರಿಸಿದರೆ ದಾರಿಯಲ್ಲೇ ಒಂದು ವೋಲ್ಟ್ ಕಳೆದುಹೋಗುತ್ತೆ, ಕಳೆದದ್ದು ಬಿಸಿಯಾಗುತ್ತೆ. 16 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿದರೆ ಕಾಲು ವೋಲ್ಟ್. ವೈರ್‌ನ ಎರಡೂ ತುದಿಯಲ್ಲಿ ಬ್ಯಾಟರಿ ಇರೋದರಿಂದ ಎರಡೂ ತುದಿಗೆ, ಬ್ಯಾಟರಿಯ ಹತ್ತಿರದಲ್ಲೇ ಫ್ಯೂಸ್ ಬೇಕು. ಮನೆಯ ಎಂಸಿಬಿ ತಂದು ಇಲ್ಲಿ ಹಾಕಬಾರದು. ಅದು ಎಸಿ ಕರೆಂಟಿಗೆ ಮಾಡಿದ್ದು, ಡಿಸಿಯ ಕಿಡಿಯನ್ನು ಆರಿಸೋಕೆ ಅದಕ್ಕೆ ಆಗಲ್ಲ. ಡಿಸಿ ಅಂತ ಬರೆದದ್ದೇ ಬೇಕು.

ಸೋಲಾರ್ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ ವೈರ್, ಆಮೇಲೆ ಪ್ಯಾನೆಲ್ ವೈರ್. ಬಿಚ್ಚುವಾಗ ಮೊದಲು ಪ್ಯಾನೆಲ್. ಈ ಕ್ರಮ ತಪ್ಪಿದರೆ ಕಂಟ್ರೋಲರ್ ಹೋಗಬಹುದು.

ತಿಂಡಿ ಗಾಡಿಗಳಲ್ಲಿ ಗ್ಯಾಸ್ ಸಿಲಿಂಡರ್ ಇದ್ದೇ ಇರುತ್ತೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನಿಲ್ಲುತ್ತೆ. ರಿಲೇ, ಫ್ಯೂಸ್, ಸ್ವಿಚ್ ಎಲ್ಲವೂ ಕಿಡಿ ಹಾರಿಸುವ ಸಾಮಾನು. ಹಾಗಾಗಿ ಬ್ಯಾಟರಿ ಮತ್ತು ಸಿಲಿಂಡರ್ ಒಂದೇ ಗೂಡಿನಲ್ಲಿ ಬೇಡವೇ ಬೇಡ, ಮಧ್ಯೆ ತಗಡಿನ ಗೋಡೆ ಇರಲಿ. ಚಳಿಯ ದೇಶಗಳಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಲೀಥಿಯಂ ಚಾರ್ಜ್ ಮಾಡಬಾರದು ಅನ್ನೋ ತಲೆನೋವು ಇದೆ. ನಮಗೆ ತಲೆನೋವು ಬೇಸಿಗೆ. ಏಪ್ರಿಲ್‌ನಲ್ಲಿ ಬಾಗಿಲು ಹಾಕಿದ ತಗಡಿನ ಗಾಡಿ ಒಳಗೆ 50 ಡಿಗ್ರಿ ದಾಟಬಹುದು. ಬ್ಯಾಟರಿ ಕೆಳಗೆ, ಗಾಳಿ ಆಡುವ ಕಡೆ, ಎಂಜಿನ್‌ನಿಂದ ದೂರ ಇರಬೇಕು.

ಬ್ಯಾಟರಿ ಕೊಳ್ಳುವಾಗ ಎಲ್ಎಫ್‌ಪಿ ಅಂತ ಕೇಳಿ ತಗೊಳ್ಳಿ. ಬೇರೆ ಜಾತಿಯ ಲೀಥಿಯಂಗೆ ಹೋಲಿಸಿದರೆ ಇದು ಬೆಂಕಿ ಹತ್ತೋದು ಕಮ್ಮಿ. ಹಳೇ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ಒಡೆದು ಸೆಲ್ ಜೋಡಿಸಿಕೊಡ್ತೀವಿ ಅನ್ನುವವರ ಹತ್ತಿರ ಹೋಗದಿರೋದು ಒಳ್ಳೇದು. ಅಂಗಡಿಯಲ್ಲೇ ತೂಕ ಮಾಡಿಸಿದರೂ ತಪ್ಪಿಲ್ಲ: 100 ಎಎಚ್ ಅಂತ ಸ್ಟಿಕ್ಕರ್ ಅಂಟಿಸಿದ್ದು ಐದಾರು ಕೆ.ಜಿ. ತೂಗಿದರೆ ಒಳಗೆ ಅಷ್ಟು ಸೆಲ್ ಇಲ್ಲ ಅಂತ ಅರ್ಥ. ಜಿಎಸ್‌ಟಿ ಬಿಲ್, ವಾರಂಟಿ ಕಾರ್ಡ್ ಎರಡೂ ಕೈಗೆ ಬರಬೇಕು.

ಕಾಗದದ ವಿಚಾರ ಒಂದಿದೆ. ಆರ್‌ಸಿಯಲ್ಲಿ ಇರುವ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಾಡು ಮಾಡೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. ಬಾಡಿ ಬದಲಾಯಿಸುವವರು, ಗೂಡ್ಸ್ ಗಾಡಿಗೆ ಮಂಚ, ಕ್ಯಾಬಿನ್ ಕಟ್ಟಿಸುವವರು ಕೆಲಸಕ್ಕೆ ಕೈ ಹಾಕುವ ಮೊದಲೇ ಹಾಸನದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಬರೀ ಪ್ಯಾನೆಲ್, ಬ್ಯಾಟರಿ ಹಾಕಿಸಿದರೂ ಇನ್ಶೂರೆನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಿಟ್ಟರೆ ನಾಳೆ ಕ್ಲೇಮ್ ಹೊತ್ತಿಗೆ ತಕರಾರು ಇರಲ್ಲ.

ಕೆಲಸ ಮುಗಿದ ದಿನ ಎಲೆಕ್ಟ್ರಿಷಿಯನ್‌ನ ಅಲ್ಲೇ ನಿಲ್ಲಿಸಿಕೊಂಡು, ಲೀಥಿಯಂ ಅರ್ಧ ಖಾಲಿ ಇರುವಾಗ ಗಾಡಿಯನ್ನು ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ಡಿಸಿ ಕ್ಲ್ಯಾಂಪ್ ಮೀಟರ್ ಹಾಕಿದರೆ ಬ್ಯಾಟರಿಗೆ ಹೋಗುವ ವೈರ್‌ನಲ್ಲಿ 20ರ ಆಸುಪಾಸು ತೋರಿಸಬೇಕು. ಆಮೇಲೆ ಎಂಜಿನ್ ಆಫ್ ಮಾಡಿ ಪ್ರತಿ ಜಾಯಿಂಟ್, ಪ್ರತಿ ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತೊಂದರೆ ಇಲ್ಲ. ಕೈ ಇಡೋಕೆ ಆಗದಷ್ಟು ಬಿಸಿ ಇದ್ದರೆ ಆ ಲಗ್ ಬಿಚ್ಚಿ ಹೊಸದಾಗಿ ಕ್ರಿಂಪ್ ಮಾಡಿಸಿಯೇ ದುಡ್ಡು ಕೊಡಿ.